ಗುಮಾನಿ ಇರಲಿ, ಸಾಕ್ಷಿಯೂ ಇರಲಿ



ನಮ್ಮ ಬಳ್ಳಾರಿ ಲೋಕಸಭಾ ಕ್ಷೇತ್ರದ ಮೂರು ಫಲಿತಾಂಶಗಳನ್ನು ಮೊದಲು ನಿಮ್ಮ ಮುಂದಿಡುತ್ತೇನೆ. 2018ರ ನವೆಂಬರ್‌ನಲ್ಲಿ ನಡೆದ ಉಪಚುನಾವಣೆಯಲ್ಲಿ ಕಾಂಗ್ರೆಸ್ಸಿನ ವಿ.ಎಸ್. ಉಗ್ರಪ್ಪನವರು 2 ಲಕ್ಷ 43 ಸಾವಿರಕ್ಕೂ ಹೆಚ್ಚು ಮತಗಳ ಅಂತರದಿಂದ ಗೆದ್ದರು. ಆರೇ ತಿಂಗಳು ಕಳೆದು 2019ರ ಮೇ ತಿಂಗಳಲ್ಲಿ ಮತ ಎಣಿಕೆಯಾದಾಗ ಬಿಜೆಪಿಯ ವೈ. ದೇವೇಂದ್ರಪ್ಪನವರು 55 ಸಾವಿರಕ್ಕೂ ಮಿಕ್ಕ ಮತಗಳಿಂದ ಅದೇ ಉಗ್ರಪ್ಪನವರನ್ನು ಸೋಲಿಸಿದ್ದರು. 2024ರಲ್ಲಿ ಮತ್ತೆ ಕಾಂಗ್ರೆಸ್ಸಿನ ಇ. ತುಕಾರಾಂ ಅವರು ಬಿಜೆಪಿಯ ಶ್ರೀರಾಮುಲು ಅವರ ಎದುರು ಲಕ್ಷಕ್ಕೆ ತುಸು ಕಡಿಮೆ ಅಂತರದಲ್ಲಿ ಗೆದ್ದರು. ಮೂರೂ ಸಲ ಮತ ಹಾಕಿದ್ದು ಒಂದೇ ಬಗೆಯ ಮತಯಂತ್ರದಲ್ಲಿ. ಪಕ್ಕದಲ್ಲಿ ಚೀಟಿ ತೋರಿಸುವ ವಿವಿಪ್ಯಾಟ್ ಪೆಟ್ಟಿಗೆಯೂ ಇತ್ತು. ಮತದಾರರೂ ಬಹುಪಾಲು ಅವರೇ.

ಆದರೆ ಪ್ರತಿ ಫಲಿತಾಂಶದ ಸಂಜೆಯೂ ಊರೂರಿನ ಕಟ್ಟೆಗಳ ಮೇಲೆ ಒಂದು ಮಾತು ಹುಟ್ಟುತ್ತದೆ. ಸಿರುಗುಪ್ಪದ ಚಹಾದಂಗಡಿಯೊಂದರಲ್ಲಿ 2019ರಲ್ಲಿ ನಾನು ಕೇಳಿದ್ದು ಹೀಗಿತ್ತು: “ಮಷೀನ್‌ನಾಗೆ ಏನೋ ಮಾಡ್ಯಾರಣ್ಣ, ಯಾವ್ ಬಟನ್ ಒತ್ತಿದ್ರೂ ಅವರಿಗೇ ಬೀಳತೈತಿ.” 2023ರ ವಿಧಾನಸಭೆ ಚುನಾವಣೆಯಲ್ಲಿ ಬಳ್ಳಾರಿ ಜಿಲ್ಲೆಯ ಐದಕ್ಕೆ ಐದೂ ಸ್ಥಾನಗಳು ಕಾಂಗ್ರೆಸ್ಸಿಗೆ ಹೋದಾಗ ಇದೇ ಮಾತು ಇನ್ನೊಂದು ಪಕ್ಷದವರ ಬಾಯಿಂದ ಬಂತು. ಒಂದಕ್ಷರವೂ ಬದಲಾಗಿರಲಿಲ್ಲ. ಹೇಳಿದವರಿಬ್ಬರೂ ಸುಳ್ಳುಗಾರರೆಂದು ನನಗೆ ಅನಿಸಲಿಲ್ಲ. ಇಬ್ಬರ ಮುಖದಲ್ಲೂ ನಿಜವಾದ ನೋವಿತ್ತು. ತಮ್ಮ ಓಣಿಯಲ್ಲಿ, ತಮ್ಮ ಜಾತಿಯವರಲ್ಲಿ, ತಮ್ಮ ಮೊಬೈಲಿನ ಗುಂಪಿನಲ್ಲಿ ಎಲ್ಲರೂ ತಮ್ಮ ಕಡೆಯೇ ಇದ್ದರು. ಹಾಗಿದ್ದ ಮೇಲೆ ಸೋತದ್ದು ಹೇಗೆ ಎಂಬ ಪ್ರಶ್ನೆಗೆ ಅವರಿಗೆ ಬೇರೆ ಉತ್ತರ ಸಿಕ್ಕಿರಲಿಲ್ಲ.

ಇದು ನಮ್ಮ ಊರಿಗಷ್ಟೇ ಅಂಟಿದ ಜಾಡ್ಯವಲ್ಲ. ಜೋಸೆಫ್ ಉಸಿನ್‌ಸ್ಕಿ ಮತ್ತು ಜೋಸೆಫ್ ಪೇರೆಂಟ್ ಎಂಬ ಇಬ್ಬರು ವಿದ್ವಾಂಸರು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಗೆ 1890ರಿಂದ 2010ರವರೆಗೆ ಓದುಗರು ಬರೆದ ಪತ್ರಗಳಲ್ಲಿ ಲಕ್ಷಕ್ಕೂ ಹೆಚ್ಚನ್ನು ಓದಿಸಿ, ಪಿತೂರಿಯ ಆರೋಪ ಯಾವಾಗ ಯಾರ ಮೇಲೆ ಬರುತ್ತದೆಂದು ಲೆಕ್ಕ ಹಾಕಿದರು. ಅಧಿಕಾರದಲ್ಲಿ ಯಾವ ಪಕ್ಷವಿದೆಯೋ ಆ ಪಕ್ಷದ ಮೇಲೆ, ಅಧಿಕಾರ ಕಳೆದುಕೊಂಡವರ ಕಡೆಯಿಂದ ಆರೋಪ ಹೆಚ್ಚುತ್ತಿತ್ತು. ಅಧಿಕಾರ ಕೈ ಬದಲಾದರೆ ಗುಮಾನಿಯೂ ದಿಕ್ಕು ಬದಲಿಸುತ್ತಿತ್ತು. 2020ರಲ್ಲಿ ಅದೇ ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ ಸುಮಾರು 50 ಲಕ್ಷ ಮತಪತ್ರಗಳನ್ನು ಕೈಯಿಂದಲೇ ಮತ್ತೆ ಎಣಿಸಿದರು. ಗೆದ್ದವರೇ ಗೆದ್ದರು. ನಂಬದವರು ಆಮೇಲೂ ನಂಬಲಿಲ್ಲ.

ಬಳ್ಳಾರಿಯವರಿಗೆ ಮಾತ್ರ “ಪಿತೂರಿ ಗಿತೂರಿ ಏನೂ ಇರೋದಿಲ್ಲ, ಸುಮ್ಮನಿರಿ” ಎಂದು ಬುದ್ಧಿ ಹೇಳುವ ಹಕ್ಕು ಯಾರಿಗೂ ಇಲ್ಲ. ನಾವು ಪಿತೂರಿಯನ್ನು ಕಣ್ಣಾರೆ ಕಂಡವರು. ಇದೇ ಊರಿನ ರಸ್ತೆಗಳ ಮೇಲೆ ಹಗಲು ರಾತ್ರಿ ಅದಿರಿನ ಲಾರಿಗಳು ಸಾಲುಗಟ್ಟಿ ಹೋಗುತ್ತಿದ್ದವು. ದಾರಿಬದಿಯ ಹತ್ತಿ, ಮೆಣಸಿನಕಾಯಿ ಹೊಲಗಳ ಮೇಲೆ ಕೆಂಪು ದೂಳು ಕೂತಿರುತ್ತಿತ್ತು. ಪರ್ಮಿಟ್ ಇಲ್ಲದ ಲಾರಿ ಎಷ್ಟು, ಇರುವ ಲಾರಿ ಎಷ್ಟು ಎಂದು ಕೇಳಲು ಧೈರ್ಯವಿದ್ದವರು ಕಡಿಮೆ. ಆಂಧ್ರದ ಗಡಿಯಲ್ಲಿ ಸುಗ್ಗಲಮ್ಮ ದೇವಿಯ ಗುಡಿಯೇ ಗಣಿಗಾರಿಕೆಗೆ ನೆಲಸಮವಾಯಿತು. “ಎಲ್ಲರೂ ಶಾಮೀಲಾಗ್ಯಾರ” ಎಂದು ಆಗ ಜನ ಪಿಸುಗುಟ್ಟಿದ್ದು ಬಹುಮಟ್ಟಿಗೆ ನಿಜವೇ ಆಗಿತ್ತು.

ಆ ಪಿಸುಮಾತು ಸಾಬೀತಾದ ಬಗೆಯನ್ನು ನಾವು ಸಾಕಷ್ಟು ನೆನಪಿಟ್ಟುಕೊಂಡಿಲ್ಲ. ಇವತ್ತಿನ ನನ್ನ ಮಾತಿನ ತಿರುಳು ಅಲ್ಲಿಯೇ ಇದೆ. ಲೋಕಾಯುಕ್ತ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆಯವರು ಅಕ್ರಮ ಗಣಿಗಾರಿಕೆಯ ಬಗ್ಗೆ 2008ರ ಡಿಸೆಂಬರ್‌ನಲ್ಲಿ ಮೊದಲ ವರದಿ, 2011ರ ಜುಲೈ 27ರಂದು ಅಂತಿಮ ವರದಿ ಕೊಟ್ಟರು. ಅವರ ಪರವಾಗಿ ಅರಣ್ಯಾಧಿಕಾರಿ ಡಾ. ಯು.ವಿ. ಸಿಂಗ್ ಅವರ ತಂಡ ಕಲೆಹಾಕಿದ್ದು ಕಟ್ಟೆ ಮೇಲಿನ ಮಾತನ್ನಲ್ಲ. ಸಾಗಣೆ ಪರ್ಮಿಟ್, ರೈಲ್ವೆ ದಾಖಲೆ, ಬಂದರಿನ ಲೆಕ್ಕ, ಬ್ಯಾಂಕ್ ಖಾತೆಯ ವಿವರ, ವಶಪಡಿಸಿಕೊಂಡ ಕಂಪ್ಯೂಟರುಗಳಲ್ಲಿದ್ದ ಕಡತಗಳನ್ನು ಒಂದರ ಪಕ್ಕ ಒಂದಿಟ್ಟು ತಾಳೆ ನೋಡಿದರು. ಪರ್ಮಿಟ್ ಕೊಟ್ಟದ್ದಕ್ಕಿಂತ ಹೆಚ್ಚಿನ ಅದಿರು ಬಂದರಿನಿಂದ ಹೊರಟಿದ್ದರೆ, ಆ ಹೆಚ್ಚಿನದು ಎಲ್ಲಿಂದ ಬಂತು? ಹಣ ಕಟ್ಟಿದವರ ಲಾರಿಗೆ ಯಾರೂ ಕೈ ಅಡ್ಡ ಮಾಡದಂತೆ ನೋಡಿಕೊಳ್ಳುವ ‘ಝೀರೋ ರಿಸ್ಕ್’ ಎಂಬ ವ್ಯವಸ್ಥೆಯೇ ಇತ್ತೆಂದು ವರದಿ ಹೇಳಿತು. ಸರ್ಕಾರದ ಬೊಕ್ಕಸಕ್ಕೆ ಆದ ನಷ್ಟವನ್ನು 16,085 ಕೋಟಿ ರೂಪಾಯಿ ಎಂದು ಅಂದಾಜು ಮಾಡಿತು. ನಾಲ್ಕೇ ದಿನಗಳಲ್ಲಿ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪನವರು ರಾಜೀನಾಮೆ ಕೊಟ್ಟರು. ಇನ್ನೊಂದು ಕಡೆ ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿತ್ತು. 2011ರ ಜುಲೈ 29ರಂದು ಬಳ್ಳಾರಿಯ ಗಣಿಗಾರಿಕೆಯನ್ನೇ ಕೋರ್ಟು ನಿಲ್ಲಿಸಿತು. ಸೆಪ್ಟೆಂಬರ್ 5ರಂದು ಗಣಿ ಮಾಲೀಕರೂ ಬಿಜೆಪಿ ನಾಯಕರೂ ಆಗಿದ್ದ ಜಿ. ಜನಾರ್ದನ ರೆಡ್ಡಿಯವರನ್ನು ಸಿಬಿಐ ಇಲ್ಲೇ ಬಂಧಿಸಿತು.

ಆಮೇಲಿನ ದಾರಿ ಬಲು ಉದ್ದ. ಓಬಳಾಪುರಂ ಗಣಿ ಪ್ರಕರಣದಲ್ಲಿ ಹೈದರಾಬಾದಿನ ಸಿಬಿಐ ನ್ಯಾಯಾಲಯ ರೆಡ್ಡಿಯವರಿಗೆ 7 ವರ್ಷ ಶಿಕ್ಷೆ ವಿಧಿಸಿದ್ದು 2025ರ ಮೇ ತಿಂಗಳಲ್ಲಿ; ಮರು ತಿಂಗಳೇ ತೆಲಂಗಾಣ ಹೈಕೋರ್ಟು ಆ ಶಿಕ್ಷೆಯನ್ನು ಅಮಾನತಿನಲ್ಲಿಟ್ಟಿತು. ಬೇಲೇಕೇರಿ ಬಂದರಿನಿಂದ ಲಕ್ಷಗಟ್ಟಲೆ ಟನ್ ಅದಿರು ಕಾಣೆಯಾದ ಪ್ರಕರಣದಲ್ಲಿ ಕಾಂಗ್ರೆಸ್ ಶಾಸಕ ಸತೀಶ್ ಸೈಲ್ ಅವರಿಗೂ 2024ರ ಅಕ್ಟೋಬರ್‌ನಲ್ಲಿ 7 ವರ್ಷ ಶಿಕ್ಷೆಯಾಯಿತು. ಅದನ್ನೂ ಕರ್ನಾಟಕ ಹೈಕೋರ್ಟು ಅಮಾನತಿನಲ್ಲಿಟ್ಟಿತು. ಎರಡು ಪಕ್ಷದ ಎರಡು ಹೆಸರುಗಳನ್ನು ಬೇಕೆಂದೇ ಹೇಳಿದೆ. ಸಾಕ್ಷಿಗೆ ಪಕ್ಷವಿರುವುದಿಲ್ಲ. ಆರೋಪ ಹೊತ್ತವರಿಗೆ ಉತ್ತರ ಹೇಳುವ, ಮೇಲ್ಮನವಿ ಹಾಕುವ ಅವಕಾಶವೂ ಇರುತ್ತದೆ.

ಹೀಗೆ ನಿಜವಾದ ಪಿತೂರಿಗೆ ತಾರೀಖು ಇತ್ತು, ಲಾರಿಯ ನಂಬರು ಇತ್ತು, ರಸೀದಿ ಇತ್ತು, ಸಹಿ ಇತ್ತು. ಇದು ಸುಳ್ಳು ಎಂದು ಸಾಬೀತು ಮಾಡಬೇಕಾದರೆ ಯಾವ ಕಾಗದ ತೋರಿಸಬೇಕು ಎಂದು ಎದುರಿನವರು ಕೇಳಿದರೆ ಅದಕ್ಕೂ ಉತ್ತರವಿತ್ತು. ನಮ್ಮ ಮೊಬೈಲಿಗೆ ಬಂದು ಬೀಳುವ ಪಿತೂರಿಗಳಿಗೆ ಇವು ಯಾವುವೂ ಇರುವುದಿಲ್ಲ. ವಿರುದ್ಧವಾದ ಸಾಕ್ಷಿ ಸಿಕ್ಕರೆ “ನೋಡಿದ್ರಾ, ಅದನ್ನೂ ಅವರೇ ಹುಟ್ಟಿಸ್ಯಾರ” ಎನ್ನುತ್ತವೆ. ಯಾವ ಸಾಕ್ಷಿಗೂ ಬಗ್ಗದ ಆರೋಪ ಗಟ್ಟಿಯಾದದ್ದೆಂದು ನಮಗೆ ತೋರುತ್ತದೆ. ಆದರೆ ಅದು ತೀರಾ ಪೊಳ್ಳಾದದ್ದು.

ಹಾಗೆಂದು ಮೊಬೈಲಿಗೆ ಬಂದದ್ದೆಲ್ಲ ಸುಳ್ಳು ಎಂದೂ ನಾನು ಹೇಳಲಾರೆ. 2020ರ ಜೂನ್ ಕೊನೆಯಲ್ಲಿ ಒಂದು ವಿಡಿಯೊ ಬಂತು. ಕೊರೊನಾದಿಂದ ಸತ್ತವರ ಹೆಣಗಳನ್ನು ಕವಚ ತೊಟ್ಟವರು ಒಂದರ ಮೇಲೊಂದರಂತೆ ಗುಂಡಿಗೆ ಎಸೆಯುತ್ತಿದ್ದರು. “ಇದು ನಮ್ಮೂರಿನದಲ್ಲ, ಯಾರೋ ಹೆಸರು ಕೆಡಿಸಾಕ ಬಿಟ್ಟಾರ” ಎನ್ನುವುದು ಸುಲಭವಿತ್ತು. ಆದರೆ ಅದು ಬಳ್ಳಾರಿಯದೇ ಆಗಿತ್ತು. ಅಂದಿನ ಜಿಲ್ಲಾಧಿಕಾರಿ ಎಸ್.ಎಸ್. ನಕುಲ್ ವಿಚಾರಣೆ ಮಾಡಿಸಿದರು, ನಡೆದದ್ದು ನಿಜವೆಂದು ಒಪ್ಪಿದರು, ಸತ್ತವರ ಕುಟುಂಬಗಳ ಕ್ಷಮೆ ಕೇಳಿದರು, ಆ ತಂಡವನ್ನೇ ಬದಲಾಯಿಸಿದರು. ಅಧಿಕಾರದಲ್ಲಿರುವವರು ಹೀಗೆ ಬೇಗ ಒಪ್ಪಿಕೊಂಡರೆ ವದಂತಿಗೆ ಬೆಳೆಯಲು ಜಾಗವೇ ಇರುವುದಿಲ್ಲ. ಮುಚ್ಚಿಟ್ಟರೆ ಒಂದು ನಿಜದ ಸುತ್ತ ಹತ್ತು ಸುಳ್ಳು ಹುಟ್ಟುತ್ತವೆ. ಜನರ ಗುಮಾನಿಯನ್ನು ಬೈಯುವ ಅಧಿಕಾರಿಗಳು ಇದನ್ನು ಮೊದಲು ತಿಳಿಯಬೇಕು.

ಸಿರುಗುಪ್ಪದವರಿಗೆ ಒಂದು ರಾತ್ರಿ ನೆನಪಿದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಕ್ರೆಸ್ಟ್ ಗೇಟಿನ ಚೈನ್ ಲಿಂಕ್ ತುಂಡಾಗಿ ಗೇಟು ಕೊಚ್ಚಿಹೋಯಿತು. ತುಂಬಿದ್ದ ಜಲಾಶಯದಿಂದ ನೀರು ನದಿಗೆ ಓಡಿತು. ಕಾಲುವೆಯ ನೀರನ್ನೇ ನಂಬಿ ಭತ್ತದ ಸಸಿ ಹಚ್ಚಿದ್ದ ರೈತ ತಲೆ ಮೇಲೆ ಕೈ ಹೊತ್ತು ಕೂತ. ಬೆಳಗಾಗುವಷ್ಟರಲ್ಲಿ ಒಂದು ಚೈನಿಗೆ ಎರಡು ಕತೆಗಳು ಹುಟ್ಟಿದ್ದವು. ರಾಜ್ಯ ಸರ್ಕಾರದ ಬೇಜವಾಬ್ದಾರಿ ಎಂದು ಒಂದು ಪಕ್ಷ. ಅಣೆಕಟ್ಟೆ ಇರುವುದು ಕೇಂದ್ರದ ಕೆಳಗಿನ ತುಂಗಭದ್ರಾ ಮಂಡಳಿಯ ಕೈಯಲ್ಲಿ ಎಂದು ಇನ್ನೊಂದು ಪಕ್ಷ. ನೀವು ಯಾರ ಕಡೆ ಎಂದು ತಿಳಿದರೆ ಸಾಕಿತ್ತು, ಗೇಟು ಯಾಕೆ ಮುರಿಯಿತು ಎಂಬುದಕ್ಕೆ ನಿಮ್ಮ ಉತ್ತರವನ್ನು ಮೊದಲೇ ಹೇಳಿಬಿಡಬಹುದಿತ್ತು. ಧ್ರುವೀಕರಣ ಎಂದು ವಿದ್ವಾಂಸರು ಕರೆಯುವುದು ಇದನ್ನೇ. ಅದೇ ಹೊತ್ತಿಗೆ ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಕೆಲಸಗಾರರು ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಇಳಿಸುತ್ತಿದ್ದರು. ಒಂದು ವಾರದಲ್ಲಿ ಆ ಬಾಯಿ ಮುಚ್ಚಿತು. ಮುಂದಿನ ಮಳೆಗೆ ಜಲಾಶಯ ಮತ್ತೆ ತುಂಬಿತು. 33 ಗೇಟುಗಳೂ ಹಳೆಯವು, 70 ವರ್ಷದಿಂದ ನೀರಿನ ಭಾರ ಹೊತ್ತವು, ಎಲ್ಲವನ್ನೂ ಬದಲಿಸಬೇಕು ಎಂಬುದು ಪಕ್ಷಗಳ ಜಗಳದಿಂದ ತಿಳಿದುಬಂದ ವಿಷಯವಲ್ಲ. ತಜ್ಞರು ಪರೀಕ್ಷಿಸಿ ಹೇಳಿದ್ದು.

ಈಗ ಮತಯಂತ್ರದ ಮಾತಿಗೆ ಬರುತ್ತೇನೆ. ಮಾಸ್ತರನಾಗಿದ್ದಾಗ ಚುನಾವಣಾ ಕರ್ತವ್ಯ ಮಾಡಿದವನು ನಾನು. ಹಿಂದಿನ ದಿನ ಮಸ್ಟರಿಂಗ್ ಕೇಂದ್ರದಲ್ಲಿ ಯಂತ್ರ, ಕಾಗದ, ಸೀಲು, ಅರಗು ಎಲ್ಲ ಎಣಿಸಿಕೊಂಡು ಬಸ್ಸು ಹತ್ತಿ ಕುರುಗೋಡು ಕಡೆಯ ಶಾಲೆಯೊಂದರಲ್ಲಿ ರಾತ್ರಿ ಮಲಗಿ, ನಸುಕಿನಲ್ಲಿ ಎದ್ದು ಮಾಡುವ ಮೊದಲ ಕೆಲಸ ಅಣಕು ಮತದಾನ. ಏಳಕ್ಕೆ ಮತದಾನ ಆರಂಭವಾಗುವುದಿದ್ದರೆ ಒಂದೂವರೆ ಗಂಟೆ ಮೊದಲೇ ಇದು ಶುರುವಾಗಬೇಕು. ಪಕ್ಷಗಳ ಏಜೆಂಟರು ಕಣ್ಣುಜ್ಜಿಕೊಳ್ಳುತ್ತ ಬರುತ್ತಾರೆ. ಅವರ ಎದುರಿನಲ್ಲೇ ಕನಿಷ್ಠ 50 ಮತಗಳನ್ನು, ಎಲ್ಲ ಅಭ್ಯರ್ಥಿಗಳಿಗೂ ಬರುವಂತೆ, ನೋಟಾಕ್ಕೂ ಸೇರಿಸಿ ಹಾಕಬೇಕು. ಯಂತ್ರ ಮುಚ್ಚಿ ಫಲಿತಾಂಶದ ಬಟನ್ ಒತ್ತಿದರೆ ಯಾರಿಗೆಷ್ಟು ಎಂದು ಬರುತ್ತದೆ. ವಿವಿಪ್ಯಾಟ್ ಪೆಟ್ಟಿಗೆ ತೆರೆದು ಚೀಟಿಗಳನ್ನು ಎಣಿಸಿ ಅದರೊಂದಿಗೆ ತಾಳೆ ನೋಡಬೇಕು. ಆಮೇಲೆ ಯಂತ್ರವನ್ನು ಸೊನ್ನೆ ಮಾಡಿ, ಸೊನ್ನೆ ಆದದ್ದನ್ನು ಎಲ್ಲರಿಗೂ ತೋರಿಸಿ, ಆ ಚೀಟಿಗಳನ್ನು ಕಪ್ಪು ಲಕೋಟೆಗೆ ಹಾಕಿ ಸೀಲು ಒತ್ತಬೇಕು. ಹಸಿರು ಕಾಗದದ ಸೀಲಿನ ಮೇಲೆ ಏಜೆಂಟರು ಸಹಿ ಮಾಡುತ್ತಾರೆ, ಅದರ ನಂಬರು ಬರೆದುಕೊಳ್ಳುತ್ತಾರೆ.

ಸಂಜೆ ಮತದಾನ ಮುಗಿದಾಗ 17ಸಿ ಎಂಬ ನಮೂನೆ ತುಂಬುತ್ತೇವೆ. ಈ ಬೂತಿನಲ್ಲಿ ಒಟ್ಟು ಎಷ್ಟು ಮತ ದಾಖಲಾಯಿತು ಎಂಬ ಲೆಕ್ಕ ಅದರಲ್ಲಿರುತ್ತದೆ. ಪ್ರತಿ ಪಕ್ಷದ ಏಜೆಂಟನಿಗೂ ಅದರ ಪ್ರತಿ ಕೊಡಬೇಕು. ಎಣಿಕೆಯ ದಿನ ಯಂತ್ರದಲ್ಲಿ ಬಂದ ಮೊತ್ತ ಆ ಕಾಗದದ ಮೊತ್ತಕ್ಕೆ ಹೊಂದಲೇಬೇಕು. ಜೊತೆಗೆ ಪ್ರತಿ ವಿಧಾನಸಭಾ ಕ್ಷೇತ್ರದಲ್ಲಿ ಚೀಟಿ ಎತ್ತಿ ಆರಿಸಿದ 5 ಬೂತುಗಳ ವಿವಿಪ್ಯಾಟ್ ಚೀಟಿಗಳನ್ನು ಕೈಯಿಂದಲೇ ಎಣಿಸುತ್ತಾರೆ. 2019ರಲ್ಲಿ ಸುಪ್ರೀಂ ಕೋರ್ಟು ಮಾಡಿದ ಏರ್ಪಾಡು ಅದು. ಎರಡನೆಯ, ಮೂರನೆಯ ಸ್ಥಾನದಲ್ಲಿ ಬಂದ ಅಭ್ಯರ್ಥಿಗಳು ಶುಲ್ಕ ಕಟ್ಟಿ ಶೇಕಡಾ 5ರಷ್ಟು ಯಂತ್ರಗಳ ಪರಿಶೀಲನೆ ಕೇಳಬಹುದು ಎಂದು 2024ರ ಏಪ್ರಿಲ್ 26ರ ತೀರ್ಪಿನಲ್ಲಿ ಅದೇ ಕೋರ್ಟು ಹೇಳಿದೆ. ಮತ ಹಾಕುವಾಗ ನಿಮ್ಮ ಚೀಟಿ ಗಾಜಿನ ಹಿಂದೆ 7 ಸೆಕೆಂಡು ಕಾಣುತ್ತದೆ. ಬೇರೆ ಚಿಹ್ನೆ ಬಂತೆಂದು ಅನಿಸಿದರೆ ಅಲ್ಲೇ ಅಧಿಕಾರಿಗೆ ಹೇಳಿ, ಬರೆದುಕೊಟ್ಟು, ಎಲ್ಲರೆದುರು ಪರೀಕ್ಷಾ ಮತ ಹಾಕಿ ತೋರಿಸುವ ನಿಯಮವಿದೆ. ಆದರೆ ಹೇಳಿದ್ದು ಸುಳ್ಳಾದರೆ ಶಿಕ್ಷೆಯೂ ಇದೆ. ಇಷ್ಟು ಸಾಕೇ, ಇನ್ನೂ ಹೆಚ್ಚು ಚೀಟಿಗಳನ್ನು ಎಣಿಸಬೇಕೇ ಎಂದು ಕೇಳುವುದು ನ್ಯಾಯವಾದ ಪ್ರಶ್ನೆ. ಹಾಗೆ ಕೇಳುವವರನ್ನು ದೇಶದ್ರೋಹಿ ಎನ್ನುವುದು ಎಷ್ಟು ತಪ್ಪೋ, ಒಂದು ಬೂತಿನ 17ಸಿ ನಮೂನೆಯನ್ನೂ ನೋಡದೆ ಇಡೀ ಚುನಾವಣೆಯೇ ಕಳವಾಯಿತು ಎನ್ನುವುದೂ ಅಷ್ಟೇ ತಪ್ಪು.

ಕಲಬುರಗಿ ಜಿಲ್ಲೆಯ ಆಳಂದದಲ್ಲಿ ನಡೆದದ್ದನ್ನು ನೋಡಿ. 2023ರ ಚುನಾವಣೆಗೆ ಮೊದಲು ಮತದಾರರ ಪಟ್ಟಿಯಿಂದ ಹೆಸರು ತೆಗೆಯುವಂತೆ 6,018 ಅರ್ಜಿಗಳು ಆನ್‌ಲೈನಿನಲ್ಲಿ ಬಂದವು. ಒಬ್ಬ ಬೂತ್ ಮಟ್ಟದ ಅಧಿಕಾರಿ, ಅಂದರೆ ನಾವು ಬಿಎಲ್‌ಓ ಎನ್ನುವ ಹೆಣ್ಣುಮಗಳು, ತನ್ನ ಸಂಬಂಧಿಕರ ಹೆಸರೇ ಆ ಪಟ್ಟಿಯಲ್ಲಿರುವುದನ್ನು ಕಂಡಳು. ಅರ್ಜಿ ಹಾಕಿದವರೆಂದು ಅದೇ ಊರಿನವರ ಹೆಸರಿತ್ತು. ಕೇಳಿದರೆ ಅವರಿಗೆ ಗೊತ್ತೇ ಇಲ್ಲ. ಕಾಂಗ್ರೆಸ್ಸಿನ ಬಿ.ಆರ್. ಪಾಟೀಲರು ದೂರು ಕೊಟ್ಟರು. ಮನೆ ಮನೆ ತಪಾಸಣೆ ಮಾಡಿದಾಗ ಅಷ್ಟೂ ಅರ್ಜಿಗಳಲ್ಲಿ ಸರಿಯಾದವು 24 ಮಾತ್ರ. 2023ರ ಫೆಬ್ರವರಿಯಲ್ಲಿ ಎಫ್‌ಐಆರ್ ಆಯಿತು, 2025ರಲ್ಲಿ ರಾಜ್ಯ ಸರ್ಕಾರ ವಿಶೇಷ ತನಿಖಾ ತಂಡ ರಚಿಸಿತು. ಇಲ್ಲಿ ಗುಮಾನಿ ಇತ್ತು, ಗುಮಾನಿ ಸರಿಯಾಗಿತ್ತು. ಆದರೆ ಆ ಹೆಣ್ಣುಮಗಳು ಅದನ್ನು ಗುಂಪಿಗೆ ಫಾರ್ವರ್ಡ್ ಮಾಡಿ ಸುಮ್ಮನಾಗಲಿಲ್ಲ. ಎದ್ದು ಹೋಗಿ ಕೇಳಿದಳು. ಸಾವಿರಾರು ಜನರ ಮತ ಉಳಿದದ್ದು ಹಾಗೆ.

ಕೇಳದೆ ನಂಬಿದರೆ ಏನಾಗುತ್ತದೆ ಎಂಬುದಕ್ಕೆ ಬೀದರ್ ಜಿಲ್ಲೆಯ ಮುರ್ಕಿ ಇದೆ. 2018ರ ಜುಲೈ 13ರಂದು ಹೈದರಾಬಾದಿನಿಂದ ಬಂದಿದ್ದ ಸ್ನೇಹಿತರು ದಾರಿಯಲ್ಲಿ ಶಾಲೆಯ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಮಕ್ಕಳ ಕಳ್ಳರು ಎಂಬ ಸಂದೇಶ ಅವರ ಕಾರಿಗಿಂತ ಮೊದಲೇ ಮುಂದಿನ ಊರು ಮುಟ್ಟಿತ್ತು. ಒಬ್ಬ ಎಂಜಿನಿಯರ್ ಅಲ್ಲೇ ಹೆಣವಾದ. ಬಿಡಿಸಲು ಹೋದ ಪೊಲೀಸರಿಗೂ ಪೆಟ್ಟು ಬಿತ್ತು. ಹೊಡೆದವರು ರಾಕ್ಷಸರಲ್ಲ, ಮಕ್ಕಳಿಗೆ ಏನಾದೀತೋ ಎಂದು ಹೆದರಿದ ಊರವರು. ಸುಳ್ಳು ಸುದ್ದಿಯ ಬಲ ಇರುವುದೇ ಆ ಹೆದರಿಕೆಯಲ್ಲಿ.

ಹೆದರಿಕೆಯ ಜೊತೆಗೆ ಹಗೆ ಸೇರಿದರೆ ಏನಾಗುತ್ತದೆಂದು ಬಳ್ಳಾರಿಗೆ ಹಿಂದಿನಿಂದಲೂ ಗೊತ್ತು. 1953ರಲ್ಲಿ ಬಳ್ಳಾರಿ ತಾಲ್ಲೂಕು ಮೈಸೂರಿಗೋ ಆಂಧ್ರಕ್ಕೋ ಎಂದು ಊರೇ ಎರಡಾಗಿತ್ತು. ಸೆಪ್ಟೆಂಬರ್ 30ರ ರಾತ್ರಿ, ಮೈಸೂರಿಗೆ ಸೇರುವ ವಿಜಯೋತ್ಸವದ ಚಪ್ಪರ ಕಾಯುತ್ತಿದ್ದ ಪಿಂಜಾರ ರಂಜಾನ್ ಸಾಬರ ಮೇಲೆ ಆಸಿಡ್ ಎರಚಿದರು. ಅವರು ಬದುಕಲಿಲ್ಲ. ಆದರೆ ತಾಲ್ಲೂಕು ಯಾರಿಗೆ ಎಂಬ ಪ್ರಶ್ನೆಯನ್ನು ಬಗೆಹರಿಸಿದ್ದು ಆಸಿಡ್ ಅಲ್ಲ, ಎಲ್ಲರ ಅಹವಾಲು ಕೇಳಿದ ನ್ಯಾಯಮೂರ್ತಿ ಮಿಶ್ರಾ ಅವರ ವರದಿ. ಇಂದು ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ, ಸಂತೆಯಲ್ಲಿ ಉರ್ದು ಆಡುವ ಸಾವಿರಾರು ಜನ ನಮ್ಮಲ್ಲಿದ್ದಾರೆ. ಅಷ್ಟು ದೊಡ್ಡ ಒಡಕನ್ನು ದಾಟಿ ಬಂದ ಊರಿನಲ್ಲಿ 2026ರ ಜನವರಿ 1ರಂದು ವಾಲ್ಮೀಕಿ ಪ್ರತಿಮೆ ಅನಾವರಣದ ಬ್ಯಾನರ್ ವಿಚಾರಕ್ಕೆ ಇಬ್ಬರು ಶಾಸಕರ ಬೆಂಬಲಿಗರ ನಡುವೆ ಗಲಾಟೆಯಾಗಿ, ಗುಂಡು ಹಾರಿ, ಒಬ್ಬ ಕಾಂಗ್ರೆಸ್ ಕಾರ್ಯಕರ್ತ ಸತ್ತ. ಎದೆ ಸೀಳುವ ಸಂಗತಿ ಇದು. ಗುಂಡು ಯಾರ ಬಂದೂಕಿನದು ಎಂಬುದನ್ನು ಪ್ರಯೋಗಾಲಯ ಹೇಳಬೇಕು, ನ್ಯಾಯಾಲಯ ತೀರ್ಮಾನಿಸಬೇಕು. ನಮ್ಮ ನಮ್ಮ ಗುಂಪುಗಳಲ್ಲಿ ಅದನ್ನು ತೀರ್ಮಾನಿಸುವ ಅಧಿಕಾರ ನಮಗಿಲ್ಲ.

ನನಗೆ ಗೊತ್ತಿರುವ ಮನೆಯೊಂದರಲ್ಲಿ ಅಣ್ಣತಮ್ಮಂದಿರು ಒಂದೇ ಪಂಪ್‌ಸೆಟ್ಟಿನ ನೀರು ಹಾಯಿಸಿಕೊಳ್ಳುತ್ತಾರೆ, ಮಾತಿಲ್ಲ. ತಮ್ಮ ಕಳಿಸಿದ ವಿಡಿಯೊಗೆ ಅಣ್ಣ ಏನೋ ಅಂದನಂತೆ, ಅಷ್ಟೇ. ಆ ವಿಡಿಯೊ ಯಾವ ರಾಜ್ಯದ್ದು, ಯಾವ ವರ್ಷದ್ದು ಎಂದು ಇಬ್ಬರಿಗೂ ಗೊತ್ತಿಲ್ಲ. ಅವರ ಅವ್ವ ಎರಡೂ ಮನೆಯ ನಡುವೆ ಅಡ್ಡಾಡುತ್ತಾಳೆ.

ಕೇಳುಗರೇ, ಗುಮಾನಿ ಪಡುವುದನ್ನು ಬಿಡಿ ಎಂದು ನಾನು ಕೇಳುತ್ತಿಲ್ಲ. ನಿಮ್ಮ ಬೂತಿನ ಬಿಎಲ್‌ಓ ಯಾರೆಂದು ನಾಳೆಯೇ ವಿಚಾರಿಸಿಕೊಳ್ಳಿ. ಪಟ್ಟಿಯಲ್ಲಿ ನಿಮ್ಮ ಹೆಸರು, ಮನೆಯವರ ಹೆಸರು, ಪಕ್ಕದ ಮನೆಯವರ ಹೆಸರು ಇದೆಯೇ ನೋಡಿ. ಸೇರಿಸಲು ನಮೂನೆ 6, ತಿದ್ದಲು ನಮೂನೆ 8. ಯಾರಾದರೂ ನಿಮ್ಮ ಹೆಸರು ತೆಗೆಸಲು ನಮೂನೆ 7 ಹಾಕಿದ್ದರೆ ಆಕ್ಷೇಪಣೆ ಸಲ್ಲಿಸಿ. ಸಹಾಯವಾಣಿ ಸಂಖ್ಯೆ 1950. ನೀವು ಯಾವ ಪಕ್ಷದವರಾದರೂ ಸರಿ, ಮುಂದಿನ ಚುನಾವಣೆಯಲ್ಲಿ ಏಜೆಂಟರಾಗಿ ಕೂರಲು ಹೆಸರು ಕೊಡಿ. ನಸುಕಿಗೆ ಹೋಗಿ ಅಣಕು ಮತದಾನ ನೋಡಿ, ಸಂಜೆ 17ಸಿ ಪ್ರತಿಯನ್ನು ಕೇಳಿ ಪಡೆಯಿರಿ, ಎಣಿಕೆಯ ದಿನ ತಾಳೆ ನೋಡಿ. ತಾಳೆಯಾಗದಿದ್ದರೆ ಗಟ್ಟಿಯಾಗಿ ಕೇಳಿ, ಬರೆದು ಕೊಡಿ. ಕೇಳುವವರ ಜೊತೆ ನಾನೂ ನಿಲ್ಲುತ್ತೇನೆ.